ಎರಡು ಹೆಬ್ಬೆರಳಿನ ಕೈಗವಸು

ಯೋರುನ್ ಅಜ್ಜಿ ‘ಹೌದು’ ಎಂಬ ಮಾತನ್ನು ಉಸಿರು ಒಳಗೆಳೆದುಕೊಳ್ಳುತ್ತ ಹೇಳುತ್ತಿದ್ದಳು. ಸಾಂದ್ವಿಕ್ ಊರಿನ ನಾವೆಲ್ಲರೂ ಅಷ್ಟೋ ಇಷ್ಟೋ ಹಾಗೆ ಹೇಳುವವರೇ. ಐಸ್‌ಲ್ಯಾಂಡಿನ ಈ ಕರಾವಳಿಯಲ್ಲಿ ಬಾಯಿ ತೆರೆದ ತಕ್ಷಣ ಮಾತಿಗಿಂತ ಮೊದಲು ಗಾಳಿ ನುಗ್ಗುವುದರಿಂದ ಬಂದ ಅಭ್ಯಾಸವಿದು ಎಂದು ನಾನು ಪ್ರವಾಸಿಗರಿಗೆ ವಿವರಿಸುತ್ತೇನೆ, ಅವರು ಗಂಭೀರವಾಗಿ ತಲೆಯಾಡಿಸುತ್ತಾರೆ, ಅದು ವ್ಯಾನ್ ಓಡಿಸುತ್ತ ನಾನೇ ಹುಟ್ಟಿಸಿದ ಶಾಸ್ತ್ರ. ಆದರೆ ಅಜ್ಜಿಯ ‘ಹೌದು’ ಬೇರೆಯೇ ಜಾತಿಯದು. ಅದು ತುಟಿಯಿಂದ ಹೊರಟು ಕೇಳುವವನನ್ನು ತಲುಪುತ್ತಿರಲಿಲ್ಲ. ಕೇಳುವವನಿಂದ ಏನನ್ನೋ ಸೆಳೆದುಕೊಂಡು ಆಕೆಯ ಎದೆಯೊಳಗೆ ಇಳಿದುಹೋಗುತ್ತಿತ್ತು. ಮುಂಬಲ್ಲುಗಳ ನಡುವೆ ಸದಾ ಒಂದು ಸಕ್ಕರೆಯ ತುಂಡು, ಅದರ ಮೂಲಕ ಸೋಸಿ ಕುಡಿಯುವ ಕಪ್ಪು ಕಾಫಿ. ಹೀಗಾಗಿ ಆಕೆಯ ಸಮ್ಮತಿಗೆಲ್ಲ ಸಣ್ಣದೊಂದು ಸೀಟಿಯ ಸದ್ದು ಬೆರೆತಿರುತ್ತಿತ್ತು.

ಎತ್ತರದ ಹೆಂಗಸು. ಎಡಭುಜವನ್ನು ಮುಂದೆ ಮಾಡಿ, ಎದುರುಗಾಳಿಯನ್ನು ಬಾಗಿಲಿನಂತೆ ತಳ್ಳುತ್ತ ನಡೆಯುತ್ತಿದ್ದಳು; ಗಾಳಿಯ ಸುಳಿವೇ ಇಲ್ಲದ ಅಡುಗೆಮನೆಯಲ್ಲೂ ಒಲೆಯಿಂದ ಮೇಜಿಗೆ ಅದೇ ನಡಿಗೆ. ಹೊರಗೆ ಹೊರಟರೆ ಮೈಮೇಲೆ ಗಂಡನ ಕಾಲದ ಎಣ್ಣೆಬಟ್ಟೆಯ ಕೋಟು, ತೋಳುಗಳು ಮೊಣಕೈವರೆಗೆ ಮಡಚಿದ್ದು. ಅದನ್ನು ತನ್ನ ಅಳತೆಗೆ ಕತ್ತರಿಸಿಕೊಳ್ಳಬಾರದೇಕೆ ಎಂದು ಯಾರಾದರೂ ಕೇಳಿದರೆ, ಕೋಟು ತನ್ನದಲ್ಲವಲ್ಲ ಎನ್ನುತ್ತಿದ್ದಳು.

ನಾನು, ಓರಿ, ಆಕೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದವನು. ಚಳಿಗಾಲದಲ್ಲಿ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸುತ್ತೇನೆ, ಬೇಸಿಗೆಯಲ್ಲಿ ಪ್ರವಾಸಿಗರ ತಲೆ ತಿನ್ನುತ್ತೇನೆ. ಬೆನ್ನ ಮೇಲೆ ‘ಮಾರ್ಗದರ್ಶಿ’ ಎಂದು ಬರೆದ, ನನಗಿಂತ ಎರಡು ಪಟ್ಟು ದೊಡ್ಡ ಅಂಗಿ ತೊಟ್ಟು ಹಿಮನದಿಯ ಬುಡದವರೆಗೆ ಜನರನ್ನು ಕರೆದೊಯ್ಯುತ್ತೇನೆ; ಅಲ್ಲಿಂದ ಮುಂದೆ ಹೆಜ್ಜೆಯಿಡಲು ನನ್ನ ಕಾಲು ನಡುಗುವುದರಿಂದ, ‘ನಿಮ್ಮ ಸುರಕ್ಷತೆಗಾಗಿ’ ಇಲ್ಲೇ ನಿಲ್ಲೋಣ ಎನ್ನುತ್ತೇನೆ. ಊರಿನಲ್ಲಿ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುವುದು ನಮ್ಮ ವಾಡಿಕೆ. ನಾನೊಬ್ಬ ಮಾತ್ರ ಆಕೆಯನ್ನು ಅಜ್ಜಿ ಎನ್ನುತ್ತಿದ್ದೆ; ಬೆಳಗಿನ ಗಂಜಿ ಬಾಡಿಗೆಯೊಳಗೆ ಸೇರಿರಲಿಲ್ಲ, ಈ ಸಂಬೋಧನೆಯೊಳಗೆ ಸೇರಿತ್ತು.

ಆಕೆಯ ಹಟವೆಂದರೆ ಕೈಗವಸು. ನಮ್ಮ ಕಡೆಯ ಮೀನುಗಾರರ ಉಣ್ಣೆಯ ಕೈಗವಸಿಗೆ ಹಿಂದಿನಿಂದಲೂ ಎರಡು ಹೆಬ್ಬೆರಳು. ಒಂದು ಹೊರಗಿದ್ದರೆ ಇನ್ನೊಂದನ್ನು ಒಳಕ್ಕೆ ಮಡಚಿಟ್ಟಿರುತ್ತಾರೆ. ಹಗ್ಗ ಎಳೆದೆಳೆದು ಅಂಗೈ ಸವೆದು ತೂತಾದಾಗ ಕೈಗವಸನ್ನು ತಿರುಗಿಸಿ, ಮಡಚಿದ್ದ ಹೆಬ್ಬೆರಳನ್ನು ಹೊರಗೆಳೆದು, ಅದುವರೆಗೆ ಕೈಯ ಹಿಂಬದಿಯಾಗಿದ್ದುದನ್ನು ಅಂಗೈಯಾಗಿಸಿಕೊಳ್ಳುವುದು. ಈಗ ದೋಣಿಗಳ ಮೇಲೆ ಎಲ್ಲರದೂ ರಬ್ಬರಿನದೇ. ಆದರೂ ಅಜ್ಜಿ ಹೆಣೆಯುತ್ತಲೇ ಇದ್ದಳು. ಮಣಿಕಟ್ಟಿನಲ್ಲಿ ಕಂದು ಉಣ್ಣೆಯ ಸಣ್ಣ ಪಟ್ಟಿ ಆಕೆಯ ಗುರುತು. ಮೊದಲು ಹಾಕಿಕೊಳ್ಳಬೇಕಾದ ಬದಿಯ ಹೆಬ್ಬೆರಳ ತುದಿಗೆ ಕೆಂಪು ದಾರದ ಒಂದು ಗಂಟು. ಆ ಕ್ರಮವನ್ನು ತಪ್ಪಿಸಿದವನನ್ನು, ಅವನು ದೋಣಿಯ ಯಜಮಾನನೇ ಆಗಿರಲಿ, ದಡದಲ್ಲಿ ತಡೆದು ನಿಲ್ಲಿಸಿ ತಿರುಗಿಸಿ ಹಾಕಿಸುತ್ತಿದ್ದಳು. ಒಮ್ಮೆ ಪ್ರವಾಸಿ ಹೆಂಗಸೊಬ್ಬಳು ಎರಡು ಹೆಬ್ಬೆರಳೇಕೆಂದು ನನ್ನ ಮೂಲಕ ಕೇಳಿದಳು.

“ಒಂದು ಮಗ್ಗುಲು ಸವೆದ್ರೆ ತಿರುಗಿಸಿ ಹಾಕ್ಕೋಬೋದು,” ಎಂದಳು ಅಜ್ಜಿ. “ಮನುಷ್ಯಂಗೆ ಆ ಸೌಕರ್ಯ ಇಲ್ಲ ನೋಡು. ಅದನ್ನೂ ಹೇಳು ಅವಳಿಗೆ.”

ನಾನು ಮೊದಲರ್ಧವನ್ನಷ್ಟೇ ಭಾಷಾಂತರಿಸಿದೆ.

ಆಕೆಯ ಗಂಡ ಸ್ಕಾಫ್ಟಿ ಹೋದದ್ದು ನಾನು ಹುಟ್ಟುವುದಕ್ಕೂ ಮುಂಚೆ. ಅವನು ಸಮುದ್ರದ ಮನುಷ್ಯ. ಆದರೆ ನಮ್ಮೂರಲ್ಲಿ ಮೀನು ಹಿಡಿಯುವವರೇ ರಕ್ಷಣಾ ದಳದವರೂ ಹೌದು, ಕರೆ ಬಂದರೆ ಬಲೆ ಬಿಟ್ಟು ಹಿಮನದಿ ಹತ್ತಬೇಕು. ಒಂದು ವಸಂತದಲ್ಲಿ ಇಬ್ಬರು ಪರದೇಶಿಗಳು ಹಿಮನದಿಯ ಮೇಲೆ ದಾರಿ ತಪ್ಪಿದ್ದಾರೆಂದು ಸುದ್ದಿ ಬಂತು. ಸ್ಕಾಫ್ಟಿಯೂ ಅವನ ಗೆಳೆಯ ಕೇಟಿಲನೂ ಒಂದೇ ಹಗ್ಗಕ್ಕೆ ಸೊಂಟ ಬಿಗಿದುಕೊಂಡು ಹೊರಟರು. ಸ್ಕಾಫ್ಟಿಯ ಕೈಯಲ್ಲಿ ಅಂದು ಬೆಳಿಗ್ಗೆ ಮುಗಿದ ಹೊಸ ಕೈಗವಸು. ಮದುವೆಗಂಡಿನ ಕೈ ಎಂದು ಕೇಟಿಲ್ ದಾರಿಯುದ್ದಕ್ಕೂ ಛೇಡಿಸಿದನಂತೆ. ಮಧ್ಯಾಹ್ನ ಬಿರುಗಾಳಿ ಎದ್ದಿತು, ಕಾಲಡಿಯ ಹಿಮ ಕುಸಿದು ಬಿರುಕೊಂದು ಬಾಯ್ತೆರೆದು ಸ್ಕಾಫ್ಟಿಯನ್ನು ನುಂಗಿತು, ಮಂಜಿನ ಅಂಚಿಗೆ ಸಿಕ್ಕ ಹಗ್ಗ ಹರಿದುಹೋಯಿತು. ಕೇಟಿಲ್ ಅಂಚಿನಲ್ಲಿ ಬೋರಲು ಮಲಗಿ ಕೂಗಿದ. ಉತ್ತರ ಬರಲಿಲ್ಲ. ಅವನು ಹೇಗೋ ಇಳಿದು ಬಂದ. ಮತ್ತೆ ಜನ ಹತ್ತಲು ಗಾಳಿ ಬಿಡುವಷ್ಟರಲ್ಲಿ ಬಿರುಕಿನ ಗುರುತೇ ಮುಚ್ಚಿಹೋಗಿತ್ತು. ಆ ಪರದೇಶಿಗಳಿಬ್ಬರೂ ಕುರಿಗಾಹಿಗಳ ಗುಡಿಸಲೊಂದರಲ್ಲಿ ಬಿಸಿ ಕೋಕೋ ಕುಡಿಯುತ್ತ ಕ್ಷೇಮವಾಗಿದ್ದರು.

“ಒಂದೇ ಕ್ಷಣ, ಯೋರುನ್. ಅವನಿಗೆ ಗೊತ್ತೇ ಆಗ್ಲಿಲ್ಲ.” ಬಾಗಿಲಲ್ಲಿ ನಿಂತು ಕೇಟಿಲ್ ಹೇಳಿದ ಮಾತು ಇದು. ಆ ಮಾತೇ ಇಬ್ಬರಿಗೂ ಮುಂದಿನ ಬದುಕಿನ ಸೂರಾಯಿತು. ಅಂದಿನಿಂದ ಅವನು ಪ್ರತಿದಿನ ಕಾಫಿಗೆ ಬರುತ್ತಿದ್ದ, ಬರುವಾಗ ಒಂದು ಮೀನನ್ನು ಬಾಗಿಲ ಹಿಡಿಗೆ ತೂಗುಹಾಕುತ್ತಿದ್ದ. ಆಕೆಯ ಅಡುಗೆಮನೆಯ ಕಿಟಕಿ ನೇರ ಹಿಮನದಿಗೆ ತೆರೆಯುತ್ತದೆ: ಕಪ್ಪು ಬೆಟ್ಟಗಳೆರಡರ ನಡುವಿನಿಂದ ಸಮುದ್ರದತ್ತ ಚಾಚಿದ ಬಿಳಿಯ ನಾಲಿಗೆ. ಅಜ್ಜಿ ಅದಕ್ಕೆ ಮುಖ ಮಾಡಿ ಕುಳಿತು ಹೆಣೆಯುತ್ತಿದ್ದಳು. ಕೇಟಿಲ್ ಸದಾ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ. ಇಬ್ಬರ ಸಂಭಾಷಣೆಯೆಂದರೆ ಪರಸ್ಪರರ ಮೂದಲಿಕೆ.

“ಇದು ಕಾಫಿನೋ, ದೋಣಿ ತಳದ ನೀರೋ?”

“ಕುಡಿದು ಹೇಳು. ಕಣ್ಣು ಕಾಣದವನಿಗೆ ಬಣ್ಣದ ಉಸಾಬರಿ ಯಾಕೆ?”

ಅವನ ಕಣ್ಣಿಗೆ ಪೊರೆ ಬಂದು ವರ್ಷಗಳೇ ಆಗಿದ್ದವು. ಕಡೆಗೊಂದು ಬೇಸಿಗೆಯಲ್ಲಿ ಮಗಳು ಬಂದು ಶಸ್ತ್ರಚಿಕಿತ್ಸೆಗೆಂದು ಅವನನ್ನು ರಾಜಧಾನಿ ರೇಕ್ಯವಿಕ್‌ಗೆ ಕರೆದೊಯ್ದಳು. ಅವನು ಊರಲ್ಲಿಲ್ಲದ ಆ ದಿನಗಳಲ್ಲೇ ಅದು ಸಿಕ್ಕಿತು.

ಹಿಮನದಿ ಈಗೀಗ ಪ್ರತಿ ಬೇಸಿಗೆಯೂ ಹಿಂದಕ್ಕೆ ಸರಿಯುತ್ತಿದೆ; ಬಿಟ್ಟುಹೋದ ಕೆಸರಿನಲ್ಲಿ ಪ್ರವಾಸಿಗರು ಬಣ್ಣದ ಕಲ್ಲು ಹುಡುಕುತ್ತಾರೆ. ನನ್ನ ವ್ಯಾನಿನಲ್ಲಿ ಬಂದಿದ್ದ ಹೊಸ ಮದುಮಗಳೊಬ್ಬಳು ಬೂದುಬಣ್ಣದ ಉಂಡೆಯೊಂದನ್ನು ಎತ್ತಿ, ನೀರಿನಲ್ಲಿ ಜಾಲಿಸಿ, ತನ್ನ ಕೈಗೇ ಹಾಕಿಕೊಂಡು, ಇದು ಯಾವ ವಿಚಿತ್ರ ಪ್ರಾಣಿಯ ಕೈಯದೆಂದು ನಗುತ್ತ ಚಿತ್ರ ತೆಗೆಸಿಕೊಂಡಳು. ನಾನೂ ನಕ್ಕೆ, ಪ್ರವಾಸಿಗರು ನಕ್ಕಾಗ ನಗುವುದು ನನ್ನ ಕೆಲಸದ ಭಾಗ. ಆಮೇಲೆ ಮಣಿಕಟ್ಟಿನ ಕಂದು ಪಟ್ಟಿ ಕಣ್ಣಿಗೆ ಬಿತ್ತು. ಬಿಟ್ಟ ಹಲ್ಲು ಬಿಟ್ಟಂತೆಯೇ ಉಳಿಯಿತು. ಬೇಡಿಕೊಂಡು ಅದನ್ನು ಆಕೆಯ ಕೈಯಿಂದ ಪಡೆದುಕೊಂಡೆ.

ಅಜ್ಜಿ ಮೊದಲು ಕೈ ತೊಳೆದುಕೊಂಡಳು. ಒರೆಸಿಕೊಂಡಳು. ಆಮೇಲೆ ಅದನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಬದಿ ತಿರುವಿ ನೋಡಿದಳು. ಒಂದು ಬದಿಯಲ್ಲಿ ಅಂಗೈಯೇ ಇರಲಿಲ್ಲ, ಬರೀ ತೂತು. ಇನ್ನೊಂದು ಬದಿ ಎಳೆ ಎಳೆಯಾಗಿ ಸವೆದಿತ್ತು. ಒಳಕ್ಕೆ ಮಡಚಿದ್ದ ಹೆಬ್ಬೆರಳನ್ನು ಬೆರಳು ತೂರಿಸಿ ಮೆಲ್ಲಗೆ ಹೊರಗೆಳೆದಳು. ಅದರ ತುದಿಯಲ್ಲಿ ಕೆಂಪು ಗಂಟು, ನಿನ್ನೆ ಹಾಕಿದಷ್ಟು ಕೆಂಪಗೆ.

“ಮಂಜುಗಡ್ಡೆ ಉಜ್ಜಿ ಉಜ್ಜಿ ಸವೆದಿರ್ಬೋದಲ್ಲ, ಅಜ್ಜಿ?” ಎಂದೆ.

“ಮಂಜುಗಡ್ಡೆ ಹೆಬ್ಬೆರಳು ಮಡಚಿ ಒಳಗಿಡುತ್ತಾ, ಓರಿ?” ಎಂದಳು. ಆಮೇಲೆ, ನನಗಲ್ಲವೆಂಬಂತೆ, “ತಿರುಗಿಸಿ ಹಾಕ್ಕೊಂಡಿದಾನೆ.”

ಹೊಸ ಉಣ್ಣೆ ಒಂದು ಕ್ಷಣದಲ್ಲಿ ಸವೆಯುವುದಿಲ್ಲ. ಆ ಬಿರುಕಿನ ನೀಲಿ ಕತ್ತಲೆಯಲ್ಲಿ ಸ್ಕಾಫ್ಟಿ ಬದುಕಿದ್ದ. ಮಂಜಿನ ಗೋಡೆಯನ್ನು ಕೈಯಿಂದ ತಬ್ಬಿ ತಬ್ಬಿ ಹತ್ತಲು ನೋಡಿದ್ದ. ಅಂಗೈ ಹರಿದ ಮೇಲೆ, ದೋಣಿಯ ಮೇಲೆ ಮಾಡುತ್ತಿದ್ದಂತೆಯೇ, ಕೈಗವಸನ್ನು ತಿರುಗಿಸಿ ಹಾಕಿಕೊಂಡು ಮತ್ತೆ ಶುರುಮಾಡಿದ್ದ. ಎಷ್ಟು ಹೊತ್ತು ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಆಕೆ ಅಳುತ್ತಾಳೆಂದು ನಾನು ಕಾದೆ. ಸಾಂತ್ವನಕ್ಕೆಂದು ಒಂದೆರಡು ವಾಕ್ಯಗಳನ್ನು, ಪ್ರವಾಸಿಗರಿಗೆ ಹೇಳುವ ಶೈಲಿಯವೇ, ಸಿದ್ಧ ಮಾಡಿಕೊಂಡೂ ಇದ್ದೆ. ಆಕೆ ಕೇಳಿದ್ದು ಬೇರೆ.

“ಕೇಟಿಲ್ ಯಾವತ್ತು ಬರ್ತಾನೆ?”

“ಶುಕ್ರವಾರ.”

“ಕಣ್ಣು?”

“ಸೂಜಿಗೆ ದಾರ ಪೋಣಿಸೋ ಅಷ್ಟು ಚೆನ್ನಾಗಿ ಕಾಣ್ತಿದೆಯಂತೆ.”

ಗೆಳೆಯನ ಶಸ್ತ್ರಚಿಕಿತ್ಸೆ ಸಫಲವಾಯಿತೆಂದು ಕೇಳಿ ಮುಖ ಅಷ್ಟು ಬಾಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕೈಗವಸನ್ನು ಬಚ್ಚಿಡುವಂತಿರಲಿಲ್ಲ, ಮದುಮಗಳ ಚಿತ್ರಕ್ಕಿಂತ ಮೊದಲೇ ನನ್ನ ಬಾಯಿಂದ ಸುದ್ದಿ ಊರು ಸುತ್ತಿತ್ತು, ತಾನು ಬರುವವರೆಗೆ ಅದನ್ನು ಯಾರಿಗೂ ಕೊಡಬೇಡಿರೆಂದು ಕೇಟಿಲ್ ಫೋನಿನಲ್ಲಿ ಹೇಳಿಯೂ ಆಗಿತ್ತು. ಅದು ಅಂದು ಹೊಸದಾಗಿತ್ತೆಂಬುದನ್ನು ಭೂಮಿಯ ಮೇಲೆ ಆಕೆಯನ್ನು ಬಿಟ್ಟರೆ ಕಣ್ಣಾರೆ ಕಂಡಿದ್ದವನು ಅವನೊಬ್ಬನೇ. ಕೆಂಪು ಗಂಟಿನ ಕ್ರಮವೂ ಗೊತ್ತು. ಹಾಗಾಗಿ ಅದನ್ನು ಕೈಗೆತ್ತಿಕೊಂಡ ಗಳಿಗೆಯಲ್ಲೇ ಅವನು ಓದಿಬಿಡುತ್ತಿದ್ದ: ತಾನು ಬಿಟ್ಟು ಬಂದದ್ದು ಜೀವವಿದ್ದ ಗೆಳೆಯನನ್ನು.

ಅಜ್ಜಿ ಬಾಗಿಲ ಹಿಂದಿನ ಮೊಳೆಯಿಂದ ಸ್ಕಾಫ್ಟಿಯ ಉಣ್ಣೆಯಂಗಿಯನ್ನು ಇಳಿಸಿದಳು. ಒಗೆಯಲೂ ಬಿಡದೆ ಅಷ್ಟು ವರ್ಷ ಅಲ್ಲೇ ಉಳಿಸಿಕೊಂಡಿದ್ದ ಅಂಗಿ. ಅದರ ಒಂದು ತೋಳನ್ನು ಬಿಚ್ಚಿ ಎಳೆ ತೆಗೆದಳು. ಹೊಸ ಉಣ್ಣೆಗೆ ಆ ಬಣ್ಣ ಬರುವುದಿಲ್ಲ. ಕೈಗವಸಿನ ಸವೆದ ಅಂಗೈಗಳೆರಡನ್ನೂ ಕಿತ್ತು, ಅಂಚಿನ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿಕೊಂಡು, ಎರಡೂ ಬದಿ ಹೊಸದಾಗಿ ಹೆಣೆದಳು. ಬಂದರಿನಿಂದ ಒಂದು ಬಕೆಟ್ ಉಪ್ಪುನೀರು ತರಿಸಿಕೊಂಡು, ಹಲಗೆಯ ಮೇಲೆ ಉಜ್ಜಿ ಉಜ್ಜಿ ಹಳೆಯದೂ ಹೊಸದೂ ಒಂದಾಗುವಂತೆ ಮಂದಮಾಡಿದಳು. ಆಮೇಲೆ ಹಿಮನದಿಯ ಕೆಸರನ್ನೇ ತರಿಸಿ ಅದರಲ್ಲಿ ಅದ್ದಿ ಒಣಗಿಸಿದಳು. ಕಿತ್ತ ಎಳೆಗಳನ್ನು ಏನು ಮಾಡಿದಳೆಂದು ನಾನು ಕೇಳಲಿಲ್ಲ.

“ಸೇರಿಸಿದ್ದು ಕಾಣುತ್ತಾ?” ಎಂದು ನನ್ನ ಮುಂದೆ ಹಿಡಿದಳು. ಇಲ್ಲ ಎಂದೆ. “ನಿನ್ನ ಕಣ್ಣು ನಂಬಿ ಕೂರೋಕಾಗಲ್ಲ. ನೀನು ಕಾರ್ಖಾನೇಲಿ ಕೆಲಸ ಮಾಡೋದು ನೋಡಿದೀನಿ,” ಎಂದು ಮತ್ತೆ ಬಕೆಟ್ಟಿನ ಮುಂದೆ ಕುಳಿತಳು. ಕೊನೆಗೆ ಕೆಂಪು ಗಂಟಿನ ಹೆಬ್ಬೆರಳನ್ನು ಹೊರಗಿಟ್ಟು, ಇನ್ನೊಂದನ್ನು ಮಡಚಿ ಒಳಗಿಟ್ಟಳು. ಈಗ ಅದು ಆ ಬೆಳಿಗ್ಗೆ ಬಾಗಿಲು ದಾಟಿದಂತೆಯೇ ಇತ್ತು.

ಶುಕ್ರವಾರ ಕೇಟಿಲ್ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಮೀನು ತರುವುದನ್ನು ಮರೆಯಲಿಲ್ಲ. ಕನ್ನಡಕ ತೆಗೆದು ಆಕೆಯನ್ನು ದಿಟ್ಟಿಸಿ ನೋಡಿದ.

“ಇಷ್ಟೊಂದು ಸುಕ್ಕು ಯಾವಾಗ ಬಂತೇ ನಿಂಗೆ?”

“ನೀನು ನೋಡದೆ ಇದ್ದಾಗ.”

ಅಂದು ಆಕೆಯ ಹಲ್ಲುಗಳ ನಡುವೆ ಸಕ್ಕರೆ ಇರಲಿಲ್ಲ. ಕೈಗವಸನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಎತ್ತಿಕೊಂಡು, ಮೊದಲು ಕೆಂಪು ಗಂಟನ್ನು ಮುಟ್ಟಿ, ಆಮೇಲೆ ಅಂಗೈಯ ಮೇಲೆ ಹೆಬ್ಬೆರಳನ್ನು ಆಡಿಸಿದ, ಒಂದು ಬದಿ, ಇನ್ನೊಂದು ಬದಿ. ನಾನು ಒಲೆಯ ಪಕ್ಕದಲ್ಲಿ ನಿಂತು, ಮಾರ್ಗದರ್ಶಿಯೆಂಬ ಅಂಗಿಯೊಳಗೆ ಬೆವೆತೆ.

“ಹೊಸದರ ಹಾಗೇ ಇದೆ,” ಎಂದ.

“ಹೌದು,” ಎಂದಳು ಅಜ್ಜಿ, ಉಸಿರು ಒಳಗೆಳೆದುಕೊಂಡು.

ಅವನು ಕೈಗವಸನ್ನು ಕೆಳಗಿಡಲಿಲ್ಲ. “ಒಂದೇ ಕ್ಷಣ ಅಂತ ಹೇಳ್ದೆನಲ್ಲ ನಾನು. ಹೇಳಿದ್ದೆ ಅಷ್ಟೆ. ನಂಗೇ ನಂಬಿಕೆ ಇರ್ಲಿಲ್ಲ, ಯೋರುನ್. ಎದ್ದು ಹೊರಟಾಗ ಹಿಂದಿನಿಂದ ಏನೋ ಕೇಳಿಸಿದ ಹಾಗಾಯ್ತು. ಗಾಳಿ ಅಂದ್ಕೊಂಡು ಬಂದ್ಬಿಟ್ಟೆ.”

ಆಕೆಯ ಕೈ ಮೇಜಿನಂಚನ್ನು ಹಿಡಿಯಿತು. ಇದು ಆಕೆಗೂ ಗೊತ್ತಿರಲಿಲ್ಲ. ಒಂದು ಮಾತು ಸಾಕಿತ್ತು; ಅಷ್ಟು ವರ್ಷಗಳ ಕಾಫಿ, ಬಾಗಿಲಿಗೆ ತೂಗುಹಾಕಿದ ಮೀನು, ಎಲ್ಲಕ್ಕೂ ಆ ಒಂದು ಮಾತಿನಲ್ಲಿ ಉತ್ತರ ಹೇಳಿಬಿಡಬಹುದಿತ್ತು.

“ಗಾಳಿನೇ ಕಣೋ, ಕೇಟಿಲ್,” ಎಂದಳು. “ಕೈಲೇ ಇದೆಯಲ್ಲ, ನೋಡು. ಅದು ಗಾಳಿನೇ.”

ಅವನು ಆ ಕೈಗವಸಿನಲ್ಲಿ ಮುಖವಿಟ್ಟು ಅತ್ತ. ಅತ್ತು ಮುಗಿದ ಮೇಲೆ ಎದ್ದು, ಕುರ್ಚಿಯನ್ನು ತಿರುಗಿಸಿ, ಕಿಟಕಿಗೆ ಮುಖ ಮಾಡಿ ಕುಳಿತ. “ಎಷ್ಟು ಸಣ್ಣಗಾಗಿಹೋಗಿದೆ ಹಿಮನದಿ,” ಎಂದಷ್ಟೇ ಹೇಳಿ ಕಾಫಿ ಕೇಳಿದ.

ರಕ್ಷಣಾ ದಳದವರು ಹಿಮನದಿಯ ಬುಡವನ್ನೆಲ್ಲ ಹುಡುಕಿದರೂ ಬೇರೇನೂ ಸಿಗಲಿಲ್ಲ. ಚರ್ಚಿನ ಅಂಗಳದಲ್ಲಿ, ಇಷ್ಟು ಕಾಲ ಬರಿಯ ಮಣ್ಣಿನ ಮೇಲೆ ನಿಂತಿದ್ದ ಸ್ಕಾಫ್ಟಿಯ ಹೆಸರಿನ ಕಲ್ಲಿನ ಕೆಳಗೆ, ಕೈಗವಸನ್ನು ಹೂಳಿದರು. ಪೆಟ್ಟಿಗೆಯನ್ನು ಕೇಟಿಲನೇ ಹೊತ್ತ. ಮರುದಿನ ಬೆಳಿಗ್ಗೆ ನಾನು ಗಂಜಿಗೆಂದು ಇಳಿದು ಬಂದಾಗ ಅಜ್ಜಿ ತನ್ನ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಸರಿಸಿಕೊಂಡಿದ್ದಳು. ಬೆನ್ನು ಕಿಟಕಿಗಿತ್ತು. ಅಲ್ಲಿ ಬೆಳಕು ಸಾಲದು, ಹೆಣಿಗೆ ಹೇಗೆ ಎಂದೆ. ಕೈಗೆ ಗೊತ್ತಿದೆ ಎಂದಳು. ಕೇಟಿಲ್ ಅದರ ಮುಂದಿನ ಚಳಿಗಾಲದಲ್ಲಿ, ಹಿಮನದಿಯನ್ನು ನೋಡುತ್ತ ಕುಳಿತಲ್ಲೇ, ನೆಮ್ಮದಿಯಿಂದ ತೀರಿಕೊಂಡ. ಅಜ್ಜಿ ಕೊನೆಯವರೆಗೂ ಕುರ್ಚಿಯನ್ನು ತಿರುಗಿಸಲಿಲ್ಲ. ಇಬ್ಬರೂ ಈಗ ಇಲ್ಲವಾದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿಗೆ ಬಂದವರು ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುತ್ತಾರೆ. ಕಪ್ಪು ಮರಳನ್ನು, ಸಮುದ್ರಕ್ಕೆ ಧುಮುಕಿದಂತಿರುವ ಬಂಡೆಗಳನ್ನು, ಅಳಿದುಳಿದ ಹಿಮನದಿಯನ್ನು ತೋರಿಸಿ ಕಳಿಸುತ್ತೇನೆ. ತೋರಿಸಲಾಗದ್ದು ಇಂಥ ಜನರನ್ನು. ಸಮುದ್ರಕ್ಕೂ ಹಿಮಕ್ಕೂ ಆಪ್ತರನ್ನು ಕೊಟ್ಟ ಎಲ್ಲ ಊರುಗಳಲ್ಲೂ ಅವರು ಒಬ್ಬಿಬ್ಬರಾದರೂ ಇರುತ್ತಾರೆ. ಸತ್ತವರು ಪಟ್ಟ ಪಾಡನ್ನು ಬದುಕಿರುವವರು ತಿಳಿಯದಿರಲೆಂದು ಅದನ್ನು ತಾವೊಬ್ಬರೇ ತಿಳಿದುಕೊಂಡು ಕೂರುವವರು. ಅವರು ಅಳುವುದನ್ನು ಯಾರೂ ಕಾಣುವುದಿಲ್ಲ, ಅವರು ಕ್ಷಮಿಸಿದ್ದು ಕ್ಷಮೆ ಪಡೆದವನಿಗೂ ಗೊತ್ತಾಗುವುದಿಲ್ಲ. ಕೇಳಿದ್ದಕ್ಕೆ ಹೌದೆನ್ನುತ್ತಾರೆ, ಮತ್ತು ಎದುರಿಗಿರುವವನು ನಿರಾಳವಾಗಿ ಉಸಿರು ಬಿಡಲೆಂದು ತಮ್ಮ ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ.