ಜೋಡಿ ಜೀಕು

ಶಿವ ಎಲ್ಲರಿಗೂ ಒಂದೊಂದು ಒಲೆ ಕೊಟ್ಟಿದ್ದಾನೆ. ಮುಂಬೈ ಪರೇಲಿನ ಆ ಚಾಳಿನಲ್ಲಿ ನಾಗವ್ವನ ಒಲೆ ಮಾತ್ರ ಗಿರಣಿಯ ಭೋಂಗಾ ಕೂಗುವ ಮೊದಲೇ ಏಳುತ್ತಿತ್ತು. ಗಂಡ ಈರಣ್ಣ ಗಿರಣಿ ಕೆಲಸಗಾರ. ಅವನ ಜೊತೆ ದುಡಿಯುವ ವಿಜಾಪುರದ ಕಡೆಯ ಗಂಡಸರು ಬಿಳಿಜೋಳದ ರೊಟ್ಟಿಗೆ ಬಾಯಿ ಬಾಯಿ ಬಿಡುವುದನ್ನು ಕಂಡು, ಇದ್ದ ಒಂದೇ ಖೋಲಿಯಲ್ಲಿ ಅವಳು ಸಾವಿರದ ಒಂಬೈನೂರ ಐವತ್ತೈದರ ಯುಗಾದಿಗೆ ಖಾನಾವಳಿ ಹೂಡಿದಳು. ಅದು ನೆಲೆ ನಿಂತರೆ ಸಾಕೆಂದು ದಿನಾ ಸಿದ್ಧೇಶ್ವರನಿಗೆ ಕೈಮುಗಿಯುತ್ತಿದ್ದಳು.

ಪಕ್ಕದ ಖೋಲಿಯ ವಿಧವೆ ರಾಚವ್ವ ಕಾಳು ಆರಿಸಲು, ಭಾಂಡೆ ತಿಕ್ಕಲು ಬರುತ್ತಿದ್ದಳು. ಹಂಚಿನ ಹತ್ತಿರ ಮಾತ್ರ ನಾಗವ್ವ ಅವಳನ್ನು ಬಿಟ್ಟುಕೊಂಡವಳಲ್ಲ. ರೊಟ್ಟಿ ಬಡಿಯುವ ಕೈ ಬದಲಾದರೆ ಉಣ್ಣುವವರು ಎದುರಿನ ಖಾನಾವಳಿಗೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ ಎಂಬ ಅಂಜಿಕೆ ಅವಳದು.

“ನನ್ನ ಕೈಗೇನು ಬೆರಳು ಕಡಿಮಿ ಅದಾವೇನ?” ಎಂದು ರಾಚವ್ವ ಕೆಣಕುತ್ತಿದ್ದಳು.

ಶ್ರಾವಣ ಬಂತು. ಕರೆಯಲು ಅಣ್ಣ ಬಾರದೆ ಹೆಣ್ಣುಮಗಳು ನಾಗರ ಪಂಚಮಿಗೆ ತವರಿಗೆ ಹೊರಡುವಂತಿಲ್ಲ. ಮದುವೆಯಾಗಿ ಮುಂಬೈಗೆ ಬಂದಂದಿನಿಂದ ಅವಳಿಗೆ ಆ ಕರೆ ಬಂದಿರಲಿಲ್ಲ. ಒಮ್ಮೆ ಅವ್ವನ ಸಾವು, ಮತ್ತೊಮ್ಮೆ ಅಣ್ಣನ ಬೇನೆ. ಪ್ರತಿ ವರ್ಷವೂ ಆ ವಾರವೆಲ್ಲ ನಾಗವ್ವ ಚಾಳಿನ ಮೆಟ್ಟಿಲ ಕಡೆಗೇ ಕಿವಿಯಾಗಿರುತ್ತಿದ್ದಳು. ಈ ವರ್ಷ, ಕಾಯದೆ ಇದ್ದಾಗ, ಅಣ್ಣ ಸಿದ್ದಲಿಂಗಪ್ಪ ಉಂಡಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

“ನಡಿ ತಂಗಿ. ಬೇವಿನ ಗಿಡಕ್ಕ ಜೋಕಾಲಿ ಹಗ್ಗ ಕಟ್ಯಾರ.”

“ಹ್ಯಾಂಗ ಬರ್ಲಿ ಅಣ್ಣಾ? ಇಷ್ಟು ಮಂದಿ ನನ್ನ ನಂಬಿ ಉಣ್ಣಾಕ ಬರತಾರ.”

“ಹಂಗಾದ್ರ ಹಂಚು ಹೊತಗೊಂಡು, ಮಂದೀನೂ ಕರಕೊಂಡು ಬಾ. ಊರಾಗ ಪಂಕ್ತಿ ಹಾಕೋಣು.”

ಈರಣ್ಣ ನಕ್ಕ. ನಾಗವ್ವನಿಗೆ ನಗು ಬರಲಿಲ್ಲ. ಒಲೆಯ ಮುಂದೆ ಕೂತವಳಿಗೆ ಕಣ್ಣ ತುಂಬ ಆ ಬೇವಿನ ಗಿಡ.

ಹುಡುಗಿಯಾಗಿದ್ದಾಗ ಜೋಕಾಲಿಯಲ್ಲಿ ಅವಳ ಸಮ ಯಾರೂ ಇರಲಿಲ್ಲ. ಗೆಳತಿ ಮಲ್ಲವ್ವನ ಎದುರು ನಿಂತು, ಕಾಲ ಬೆರಳಿಗೆ ಬೇವಿನೆಲೆ ತಾಗಿಸುವ ಹಟ. ಮಲ್ಲವ್ವನ ಬಲ ಸಾಲದೆಂದು ಒಮ್ಮೆ ಎರಡೂ ತುದಿಯಲ್ಲಿ ತಾನೇ ಜೀಕಿದಳು. ಜೋಕಾಲಿ ಸೊಟ್ಟಗಾಗಿ, ಹಗ್ಗ ಹೊಸೆದುಕೊಂಡು, ಇಬ್ಬರೂ ನೆಲಕ್ಕೆ. ಮೊಣಕಾಲಿಗೆ ಅರಿಸಿನ ಮೆತ್ತುತ್ತ ಅಜ್ಜಿ ಹೇಳಿದ್ದಳು: “ನಿನ್ನ ತುದಿ ಬಂದಾಗ ನೀ ಜೀಕು ಮಗಳ. ಆಕಿ ತುದಿ ಬಂದಾಗ ಹಗ್ಗ ಹಿಡಕೊಂಡು ಮೈ ಬಿಡು. ಎರಡೂ ತುದಿ ನನ್ನವ ಅಂದಾಕಿನ್ನ ದೇವರೂ ತೂಗಂಗಿಲ್ಲ.”

ಮರುದಿನ ಬೆಳಿಗ್ಗೆ ನಾಗವ್ವ ಹಿಟ್ಟು ನಾದುವ ಕೊಣಮಿಗೆಯ ಮುಂದಿನಿಂದ ಎದ್ದು, “ರಾಚಕ್ಕ, ಇವತ್ತ ನೀ ಬಡಿ” ಎಂದಳು.

ರಾಚವ್ವ ಸೆರಗು ಸಿಕ್ಕಿಸಿ ಕೂತಳು. ರೊಟ್ಟಿಯ ಅಂಚು ದಪ್ಪವಾಯಿತು. ತಿದ್ದಲು ಚಾಚಿದ ಕೈಯನ್ನು ನಾಗವ್ವ ಮಡಿಲಿಗೆ ಎಳೆದುಕೊಂಡು ಕೂತಳು. ಇದಕ್ಕಿಂತ ಕಷ್ಟದ ಕೆಲಸವನ್ನು ಅವಳು ಆ ಒಲೆಯ ಮುಂದೆ ಮಾಡಿರಲಿಲ್ಲ.

ಮಧ್ಯಾಹ್ನ ಉಣ್ಣಲು ಕೂತ ಹಿರಿಯ ಗದಿಗೆಪ್ಪ ರೊಟ್ಟಿ ಎತ್ತಿ ನೋಡಿ, “ಏನವ್ವಾ, ಇವತ್ತ ಕಂಬಳಿ ಹಾಸೀರೇನು?” ಎಂದ.

“ಹಲ್ಲ ಅದಾವಲ್ಲ, ಅಗಿ” ಎಂದಳು ರಾಚವ್ವ.

ಪಂಕ್ತಿಯೆಲ್ಲ ನಕ್ಕಿತು. ಗದಿಗೆಪ್ಪ ಅಗಿದ. ಇನ್ನೊಂದು ಕೇಳಿದ. ನಾಗವ್ವ ಮೂಲೆಗೆ ಹೋಗಿ ತನ್ನ ಸೀರೆಯ ಗಂಟು ಕಟ್ಟಿದಳು.

ಮರುದಿನ ಗಾಡಿ ಕಲ್ಯಾಣ ದಾಟಿ ಘಾಟು ಹತ್ತುವಾಗ ಹೊರಗೆಲ್ಲ ಮಳೆಯ ಮಬ್ಬು. ಅಣ್ಣ ಊರಿನ ಸುದ್ದಿ ಹೇಳುತ್ತಲೇ ಇದ್ದ. ಇಷ್ಟು ವರ್ಷ ತವರಿಗೆ ಹಂಬಲಿಸಿದವಳು ಈಗ ಹಿಂದೆ ಉಳಿದ ದಾರಿಯನ್ನೇ ನೋಡುತ್ತ ಕೂತಿದ್ದಳು.

“ಅಣ್ಣಾ, ಈಗ ಪಂಕ್ತಿ ಎದ್ದಿರಬೇಕಲ್ಲ?”

“ಎದ್ದಿರತೈತಿ ಬಿಡು.”

“ರಾಚಕ್ಕ ಉಂಡಾಳೋ ಇಲ್ಲೋ” ಎಂದಳು ನಾಗವ್ವ. “ಬಡಿದಾಕಿಗೆ ಕಡೀಕ ರೊಟ್ಟಿ ಉಳಿಯಂಗಿಲ್ಲ. ಒಂದು ತಗದು ಮುಚ್ಚಿಡು ಅಂತ ಹೇಳಿ ಬರಬೇಕಾಗಿತ್ತು.”