ಗರ್ಡರ್ ಎದ್ದು ನಿಂತ ದಿನ

ಹಳ್ಳದಾಚೆಯ ಎರಡೆಕರೆ ಕಾಫಿ ನಾನೇ ನಿಂತು ಮಾಡಿಸಿದ್ದು. ಮದುವೆಯಾಗಿ ಕಳಸಕ್ಕೆ ಬಂದ ವರ್ಷ ನೆಟ್ಟ ಗಿಡಗಳು. ಈ ಸಲ ಎಲೆ ಕಾಣದಷ್ಟು ಹಣ್ಣು. ಆದರೆ ಹಳ್ಳದ ಮೇಲಿನ ಮರದ ಸಂಕ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು, ಹಣ್ಣನ್ನು ತಲೆಹೊರೆಯಲ್ಲಿ ದಾಟಿಸಲು ಆಳುಗಳು ಸಿಗುತ್ತಿರಲಿಲ್ಲ. ಜೀಪು ಹೋಗುವಂಥ ಸೇತುವೆ ಆಗದಿದ್ದರೆ ಆ ಜಾಗವನ್ನು ಪಕ್ಕದ ಎಸ್ಟೇಟಿನ ಪ್ರಶಾಂತ್ ಗೌಡರಿಗೆ ಕೊಟ್ಟುಬಿಡುವುದೆಂದು ನನ್ನ ಗಂಡ ರವಿಶಂಕರ ತೀರ್ಮಾನಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ನನ್ನ ಹೊಟ್ಟೆಯಲ್ಲೇ ಕೂತಿತ್ತು.

ಕುದುರೆಮುಖದ ಕಡೆಯ ಗುಜರಿಯಲ್ಲಿ ಎರಡು ಉದ್ದನೆಯ ಕಬ್ಬಿಣದ ಗರ್ಡರ್ ಸಿಕ್ಕವು. ನಡುವೆ ಗೋಡೆಯಂಥ ಎತ್ತರದ ತಗಡು, ಮೇಲೊಂದು ಕೆಳಗೊಂದು ದಪ್ಪ ಪಟ್ಟಿ. ಅಡ್ಡ ಮಲಗಿಸಿದರೆ ಟೈರು ಕೂರುವ ಕಾಲುವೆಯಂತಾಗುತ್ತಿತ್ತು. ನನ್ನ ಮಾವ ಜನಾರ್ದನ, ರಿಟೈರಾದ ಮೇಷ್ಟ್ರು, ಇದು ಜೀಪಿಗೆಂದೇ ಮಾಡಿದ ಹಾಗಿದೆ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಸುಳ್ಳೇಕೆ ಹೇಳಲಿ.

ಎರಡನ್ನೂ ಹಾಗೇ ಮಲಗಿಸಿ ಹಳ್ಳಕ್ಕೆ ಅಡ್ಡ ಹಾಕಿದೆವು. ಖಾಲಿ ಜೀಪು ನಡುವಿಗೆ ಬರುವಷ್ಟರಲ್ಲಿ ಗರ್ಡರ್‌ಗಳ ಹೊಟ್ಟೆ ನೀರಿನತ್ತ ಇಳಿಯಿತು. ರವಿಶಂಕರ ಬೆವರುತ್ತಾ ಜೀಪನ್ನು ಹಿಂದಕ್ಕೆ ತಂದರು. ಭಾರ ತಪ್ಪಿದ್ದೇ ಗರ್ಡರ್‌ಗಳೇನೋ ಮತ್ತೆ ನೇರವಾದವು, ಇವರ ಧೈರ್ಯ ಮಾತ್ರ ನೆಟ್ಟಗಾಗಲಿಲ್ಲ. ಅಲ್ಲೇ ನಿಂತು ಪ್ರಶಾಂತ್‌ಗೆ ಫೋನ್ ಮಾಡಿ, ನಾಳೆ ಸಂಜೆ ಬಂದು ಮಾತು ಮುಗಿಸಿ ಎಂದರು. ಇನ್ನೆರಡು ಗರ್ಡರ್ ಸೇರಿಸಿದರೆ ತಡೆದೀತು ಎಂದರು ಮಾವ. ಗುಜರಿಯಲ್ಲಿ ಇದ್ದದ್ದೇ ಎರಡು.

ಸಂಜೆ ಹಾಲು ಕರೆಯುತ್ತಾ ದುಃಖ ತಡೆಯಲಾರದೆ ಕೊಟ್ಟಿಗೆಯ ಮಾಡು ನೋಡಿದೆ. ಅಷ್ಟೂ ಹೆಂಚಿನ ಭಾರ ಹೊತ್ತ ಉದ್ದನೆಯ ಮರದ ಪಕಾಸುಗಳಲ್ಲಿ ಒಂದೂ ಅಗಲ ಬದಿಗೆ ಮಲಗಿರಲಿಲ್ಲ. ಎಲ್ಲವೂ ಸಪೂರ ಬದಿಯ ಮೇಲೆ ನಿಂತಿದ್ದವು.

ಚೊಂಬು ಕೆಳಗಿಟ್ಟು, ಮೂಲೆಯ ಹಲಗೆಯೊಂದನ್ನು ಎರಡು ಕಲ್ಲುಗಳ ಮೇಲೆ ಮಲಗಿಸಿ ಹತ್ತಿದೆ. ಜೋಲಿಯಂತೆ ಬಗ್ಗಿತು. ಅದನ್ನೇ ಬದಿಯ ಮೇಲೆ ನಿಲ್ಲಿಸಿ, ಗೋಡೆ ಹಿಡಿದು ಹತ್ತಿದೆ. ಜಗ್ಗಲಿಲ್ಲ. ಅದೇ ಹಲಗೆ, ಅದೇ ನಾನು. ಮಾವನನ್ನು ಕೂಗಿ ತೋರಿಸಿದೆ. ಅವರ ಮುಖ ಅರಳಿತು. ಬಗ್ಗುವಾಗ ಮೇಲಿನ ಅಂಚು ಕುಗ್ಗಬೇಕು, ಕೆಳಗಿನದು ಹಿಗ್ಗಬೇಕು, ಎರಡೂ ದೂರ ಇದ್ದಷ್ಟು ಬಗ್ಗುವುದು ಕಷ್ಟ, ಅದಕ್ಕೇ ಗರ್ಡರ್‌ಗೆ ಆ ಆಕಾರ ಎಂದು ಪಾಠವನ್ನೇ ಶುರು ಮಾಡಿದರು. ಇದು ಮೊದಲೇ ಹೊಳೆಯಬೇಕಿತ್ತು ಎಂದು ತಮ್ಮ ಹಣೆ ಬಡಿದುಕೊಂಡರು.

ರವಿಶಂಕರ ಮಾತ್ರ ಒಪ್ಪಲಿಲ್ಲ.

"ನಿಲ್ಸಿದ್ರೆ ಮಗುಚ್ಕೊಳ್ಳುತ್ತೆ ಮಾರಾಯ್ತಿ. ಟೈರು ಎಲ್ಲಿಡೋದು?"

"ಎರಡಕ್ಕೂ ನಡುವೆ ಅಡ್ಡ ಕಬ್ಬಿಣ ಕೊಟ್ಟು ಬಿಗಿಸೋಣ, ಮೇಲೆ ಹಲಗೆ ಹಾಸೋಣ. ಒಂದು ದಿನ ನನ್ನ ಮಾತು ಕೇಳಿ ನೋಡಿ."

ಮರುದಿನ ವೆಲ್ಡಿಂಗ್ ಮಾಡುವ ಮೋಹಿತ್ ಬೆಳಿಗ್ಗೆಯೇ ಬಂದ. ಚೈನ್ ಕಟ್ಟಿ ಗರ್ಡರ್‌ಗಳನ್ನು ಎಬ್ಬಿಸಿ ನಿಲ್ಲಿಸಿ, ಒಂದಕ್ಕೊಂದು ಬಿಗಿದು, ಹಲಗೆ ಹಾಸುವಷ್ಟರಲ್ಲಿ ಸಂಜೆಯಾಯಿತು. ಪ್ರಶಾಂತ್ ಗೌಡರೂ ಬಂದು ನಿಂತರು. ಮಾವ ಪಂಚೆ ಎತ್ತಿ ಕಟ್ಟಿ ಹಳ್ಳಕ್ಕಿಳಿದು, ನಡುವಿನ ಬಂಡೆಯ ಬಿರುಕಿನಲ್ಲಿ ಸಪೂರ ಬಿದಿರಿನ ಒಂದು ಓಟೆಕಡ್ಡಿ ನೆಟ್ಟರು. ಅದರ ತುದಿಗೂ ಗರ್ಡರ್‌ಗೂ ಒಂದು ಬೆರಳು ಸಂದು. ಗರ್ಡರ್ ನಿನ್ನೆಯಂತೆ ಬಗ್ಗಿದರೆ ಕಡ್ಡಿ ಮುರಿಯಬೇಕು.

ಜೀಪಿನ ಕೀಲಿ ನಾನೇ ಕಿತ್ತುಕೊಂಡೆ. ಖಾಲಿಯಾಗಿ ಆಚೆ ದಾಟಿ, ಹಣ್ಣಿನ ಮೂಟೆಗಳನ್ನು ತುಂಬಿಸಿಕೊಂಡು ವಾಪಸು ಹೊರಟೆ. ನಡುವಿಗೆ ಬಂದಾಗ ವೇಗ ತಗ್ಗಿಸಿದೆ. ದಡಕ್ಕೆ ಸರಿದಿದ್ದ ಮಾವನ ಕಡೆ ನೋಡಿದೆ. ಮೂವತ್ತು ವರ್ಷ ಪಾಠ ಮಾಡಿದ ಗಂಟಲು ಹಳ್ಳವೆಲ್ಲ ಕೇಳುವಂತೆ ಕೂಗಿತು.

"ಕಡ್ಡಿ ನಿಂತಿದೆ ಸುಪ್ರಿಯಾ, ಬಾ!"

ಈಚೆ ದಡ ಹತ್ತಿದೆ. ಕಣ್ಣು ತುಂಬಿ ಬಂತು, ಖುಷಿಗೆ. ಪ್ರಶಾಂತ್ ಗೌಡರು ಬಗ್ಗಿ ಆ ಕಡ್ಡಿಯನ್ನೇ ನೋಡುತ್ತಿದ್ದರು. ಆಮೇಲೆ ರವಿಶಂಕರರ ಕಡೆ ತಿರುಗಿ, ಹಾಗಾದರೆ ಜಾಗದ ಮಾತು ಏನಾಯಿತು ಎಂದು ಕೇಳಿದರು.

"ಅದನ್ನ ಅವಳ ಹತ್ರ ಕೇಳಿ," ಎಂದರು ರವಿಶಂಕರ. "ತೋಟ ಅವಳದ್ದು."

ನಾನು ಎಂಜಿನ್ ಆರಿಸಿರಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರೀರಿ ಗೌಡ್ರೇ," ಎಂದೆ. "ಕತ್ತಲಾಗೋದ್ರೊಳಗೆ ಇನ್ನೊಂದು ಲೋಡ್ ತರಬೇಕು."