ನೀರಾ ನದಿಯ ಹನ್ನೊಂದು ಸಾವಿರ ಕಲ್ಲುಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಎರಡು ಕರಡು ಹರಿದು ಹಾಕುತ್ತಿರಲಿಲ್ಲ. ಮೊದಲನೆಯದು ಹೀಗಿತ್ತು: ‘ನೀರಾ ನದಿ ಜುಳುಜುಳು ಹರಿಯುತ್ತಿತ್ತು.’ ಶುದ್ಧ ಸುಳ್ಳು. ಮೇ ತಿಂಗಳಲ್ಲಿ ಅದು ಹರಿಯುವುದಿಲ್ಲ, ಕಲ್ಲು ಕಾಯಿಸಿಕೊಂಡು ಬಿದ್ದಿರುತ್ತದೆ. ಎರಡನೆಯದನ್ನು ಉಪಗ್ರಹದ ಕಣ್ಣಿನಿಂದ ಬರೆಯಲು ಹೊರಟೆ. ಆಗ ಸಿಗುತ್ತಿದ್ದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು ಆರು ಮೀಟರು. ಅಷ್ಟರಲ್ಲಿ ಎರಡು ರಿಕ್ಷಾಗಳು ನಿಂತು ಜಗಳವಾಡಬಹುದು. ನದಿಯ ಕಲ್ಲು ಹೋಗಲಿ, ಮನುಷ್ಯರೇ ಕಾಣುವುದಿಲ್ಲ. ಮನುಷ್ಯರು ಕಾಣದ ಎತ್ತರದಿಂದ ಕಥೆ ಹೇಳುವುದು ನನ್ನಿಂದಾಗದು. (ಹೇಳಿ ಪ್ರಶಸ್ತಿ ಹೊಡೆದವರಿದ್ದಾರೆ, ಆ ಮಾತು ಬಿಡಿ.)

ಹಾಗಾಗಿ ಇಪ್ಪತ್ತು ಮೀಟರ್ ಎತ್ತರಕ್ಕೆ ಇಳಿದಿದ್ದೇನೆ. ಅಲ್ಲಿ ಒಂದು ಬಲೂನು ತೇಲುತ್ತಿದೆ, ಅದರ ಹೊಟ್ಟೆಯ ಕೆಳಗೆ ಒಂದು ರೀಲ್ ಕ್ಯಾಮೆರಾ ನೇತಾಡುತ್ತಿದೆ. ಹಗ್ಗದ ಈ ತುದಿಯಲ್ಲಿ ಶಂಕ್ರೆಪ್ಪ ನಿಂತಿದ್ದಾನೆ.

೨

ಶಂಕ್ರೆಪ್ಪ ವಿಜಾಪುರದ ಕಡೆಯವನು, ಪುಣೆಯ ಒಂದು ಸಂಸ್ಥೆಯಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. (ಯಾವ ಸಂಸ್ಥೆ ಎಂದು ಹುಡುಕಬೇಡಿ. ನಾನೇ ಕಟ್ಟಿದ್ದು, ಇನ್ನೂ ಗೇಟು ಕೂಡ ಇಟ್ಟಿಲ್ಲ.) ಉಪಗ್ರಹದ ಚಿತ್ರಗಳನ್ನು ಬೇರೆಯವರ ಪಿಎಚ್‌ಡಿಗಾಗಿ ತೆರೆದುಕೊಟ್ಟು ಸಾಕಾಗಿ, ಮೂವತ್ತಾರನೆಯ ವಯಸ್ಸಿನಲ್ಲಿ ತನ್ನದೂ ಒಂದಿರಲಿ ಎಂದು ಹೆಸರು ನೋಂದಾಯಿಸಿದ. ಈಗ 2004ರ ಮೇ. ಜೂನಿಗೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಒಪ್ಪಿಸದಿದ್ದರೆ ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅವನ ಪ್ರಶ್ನೆ ಸರಳವಾಗಿತ್ತು. ಮೇಲಿನಿಂದ ತೆಗೆದ ಫೋಟೊ ನೋಡಿಯೇ ನದಿಯ ತಳದಲ್ಲಿ ಎಲ್ಲಿ ಮರಳಿದೆ, ಎಲ್ಲಿ ಗರಸು, ಎಲ್ಲಿ ಮುಷ್ಟಿ ಗಾತ್ರದ ಕಲ್ಲು ಎಂದು ನಕ್ಷೆ ಬರೆಯಬಹುದೇ? ಇದರಿಂದ ಯಾರಿಗೇನು ಉಪಯೋಗ ಎಂದು ಕೇಳಿದವರಿಗೆ ಅವನು ಸೇತುವೆಯ ಬುಡ ಕೊರೆಯುವ ಪ್ರವಾಹದ ಬಗ್ಗೆ ಅರ್ಧ ಗಂಟೆ ಹೇಳುತ್ತಿದ್ದ. ಆದ್ದರಿಂದ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಉಪಗ್ರಹಕ್ಕೆ ಕಲ್ಲು ಕಾಣದ್ದರಿಂದ ಅವನು ಪುಣೆ ಕ್ಯಾಂಪಿನ ಗ್ಯಾಸ್ ಬಲೂನಿನವನನ್ನು ಹಿಡಿದ. ಫೋಟೊ ಚೆನ್ನಾಗಿಯೇ ಬಂದವು. ಕಲ್ಲು ದೊಡ್ಡದಾದಷ್ಟೂ ಚಿತ್ರ ಒರಟಾಗುತ್ತದೆ, ಆ ಒರಟುತನವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಫೋಟೊಗೆ ಮಿಲಿಮೀಟರು ತಿಳಿಯದು. ಯಾರಾದರೂ ನೆಲದ ಮೇಲೆ ನಿಂತು ಅದೇ ಜಾಗದ ಕಲ್ಲುಗಳನ್ನು ಅಳೆದು ಅದಕ್ಕೆ ಕಲಿಸಿಕೊಡಬೇಕು.

ಅಳೆದವಳು ಅವನ ಅಕ್ಕ, ಬಸವಣ್ಣೆವ್ವ.

೨ (ಮತ್ತೆ. ಅವಳಿಗೆ ಬೇರೆ ಅಂಕಿ ಕೊಡಬೇಕಿತ್ತು, ಮರೆತೆ)

ಬಸವಣ್ಣೆವ್ವನಿಗೆ ಐವತ್ತೆರಡು ವರ್ಷ.

“ಏನ್ರಿ, ನನ್ನ ವಯಸ್ಸು ಬರೀಲೇಬೇಕೇನು?”

ಬರೆಯಬೇಕು ಅಕ್ಕಾ, ಓದುವವರಿಗೆ ಗೊತ್ತಾಗಬೇಕಲ್ಲ.

“ಐವತ್ತೆರಡು ಇದ್ರೂ ದಿನಕ್ಕ ನಾಕುನೂರು ಸರತೆ ಬಗ್ಗಿ ಏಳ್ತೀನಿ, ಅದನ್ನೂ ಬರೀರಿ.”

ಬರೆದೆ. ತಮ್ಮನಿಗೆ ನೌಕರಿ ಸಿಕ್ಕಾಗ ಎರಡು ತಿಂಗಳು ಅಡುಗೆ ಮಾಡಿಹಾಕಿ ಹೋಗುತ್ತೇನೆಂದು ಬಂದವಳು, ಹದಿಮೂರು ವರ್ಷವಾದರೂ ಹೋಗಿಲ್ಲ. ಮೊದಲು ಕಲ್ಲು ಎಣಿಸಲು ಬಂದ ಕಾಲೇಜಿನವರು ಬಿಸಿಲಿಗೆ ಬೇಸತ್ತು ಕಣ್ಣಿಗೆ ಕಂಡ ದೊಡ್ಡ ಕಲ್ಲನ್ನೇ ಎತ್ತಿ ಕೈತೊಳೆದುಕೊಂಡರು. ಆಗ ಇವಳು ಹೇಳಿದಳು: “ಹುಟ್ಟಿದಾಗಿಂದ ಜ್ವಾಳಾ ಹಸನ ಮಾಡೀನಿ. ನನಗ ಕಲ್ಲು ಆರಸೋದು ಹೇಳಿಕೊಡ್ತಿಯೇನು?”

ಇಲ್ಲಿ ಆರಿಸುವಂತಿಲ್ಲ ಎಂಬುದೇ ನಿಯಮ. ಒಂದು ಹೆಜ್ಜೆ ಇಡಬೇಕು, ಮುಖ ಬೇರೆ ಕಡೆ ತಿರುಗಿಸಬೇಕು, ಕಾಲಿನ ಹೆಬ್ಬೆರಳ ಮುಂದೆ ಕೈಗೆ ಮೊದಲು ತಾಗಿದ ಕಲ್ಲನ್ನು ಎತ್ತಬೇಕು. ಅದನ್ನು ಚೌಕ ತೂತುಗಳಿರುವ ತಗಡಿನಲ್ಲಿ ತೂರಿಸಿ, ಯಾವ ತೂತಿನಲ್ಲಿ ದಾಟಿತೋ ನೋಟ್‌ಬುಕ್ಕಿನ ಆ ಮನೆಯಲ್ಲಿ ಒಂದು ಗೆರೆ ಎಳೆಯಬೇಕು. ಒಂದು ಜಾಗಕ್ಕೆ ನೂರು ಕಲ್ಲು. ಚಾಕಣದ ವರ್ಕ್‌ಶಾಪಿನಲ್ಲಿ ಮಾಡಿಸಿದ ಆ ತಗಡಿಗೆ ಅವಳು ಸಾಣಗಿ, ಅಂದರೆ ಜರಡಿ, ಎನ್ನುತ್ತಿದ್ದಳು. ನಾಲ್ಕು ಬೇಸಿಗೆ, ಕಾತ್ರಜದಿಂದ ಸಾತಾರೆಯ ಬಸ್ಸು, ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ. ನೂರಾಹತ್ತು ಜಾಗ, ಹನ್ನೊಂದು ಸಾವಿರ ಕಲ್ಲು.

ಮನೆಗೆಲಸದವಳಿಗೂ ಬಸ್ಸಿನ ಕಂಡಕ್ಟರನಿಗೂ ಅವಳು ಮರಾಠಿಯಲ್ಲಿ ಹೇಳುತ್ತಿದ್ದಳಂತೆ: ತಮ್ಮನದು ಡಾಕ್ಟರ್ ಪದವಿ, ಅರ್ಧ ನನ್ನದೂ ಹೌದು.

೪

(ಮೂರನೆಯ ಭಾಗದಲ್ಲಿ ನದಿಯ ವರ್ಣನೆ ಇತ್ತು. ಓದಿ ನನಗೇ ನಿದ್ದೆ ಬಂತು, ತೆಗೆದೆ.)

ಎಲ್ಲ ಅಂಕಿಗಳನ್ನು ಕೂಡಿಸಿದಾಗ ಶಂಕ್ರೆಪ್ಪನ ಗ್ರಾಫಿನಲ್ಲಿ ಒಂದು ಸಂದಿ ಕಾಣಿಸಿತು, ಮುಂದಿನ ಹಲ್ಲು ಬಿದ್ದ ಹಾಗೆ. ಮುಷ್ಟಿ ಗಾತ್ರದ, ಸುಮಾರು ಅರವತ್ತರಿಂದ ತೊಂಬತ್ತು ಮಿಲಿಮೀಟರಿನ ಕಲ್ಲುಗಳು ಫೋಟೊದಲ್ಲಿ ಕಣ್ಣಿಗೇ ಧಾರಾಳವಾಗಿ ಕಾಣುತ್ತಿದ್ದವು, ಎಣಿಕೆಯಲ್ಲಿ ಬಹಳ ಕಮ್ಮಿ. ಕ್ಯಾಮೆರಾವನ್ನು ಬೈದ, ಲೆನ್ಸನ್ನು ಬೈದ, ಬಲೂನಿನವನನ್ನೂ ಬೈದ. ಅಕ್ಕನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಕೊನೆಗೆ ಒಂದು ದಿನ, ಒಂದು ಜಾಗವನ್ನು ಮತ್ತೆ ಎಣಿಸೋಣವೆಂದು ಅಕ್ಕನನ್ನು ಕರೆದುಕೊಂಡು ಬಲೂನು ಇಲ್ಲದೆ ನದಿಗೆ ಹೋಗಿ ಅವಳ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತ.

ಬಸವಣ್ಣೆವ್ವ ಹೆಜ್ಜೆ ಇಟ್ಟಳು. ಮುಖ ತಿರುಗಿಸಿದಳು. ಬಗ್ಗಿ ಕಲ್ಲು ಎತ್ತಿದಳು. ಕರಿಕಲ್ಲು, ಮುಷ್ಟಿ ಗಾತ್ರದ್ದು, ನುಣುಪು, ದುಂಡು, ನಡುವೆ ಅಡ್ಡಲಾಗಿ ಬಿಳಿ ಗೆರೆಗಳು, ವಿಭೂತಿ ಬಳಿದಂತೆ. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಾಲು ತಾಗಿದ್ದಕ್ಕೆ ಗಲ್ಲ ಬಡಿದುಕೊಂಡಳು. ತಗಡಿಗೆ ತೋರಿಸದೆ, ಎತ್ತಿದ ಜಾಗದಲ್ಲೇ ಮೆಲ್ಲಗೆ ಇಟ್ಟು, ಪಕ್ಕದ ಚಪ್ಪಟೆ ಕಲ್ಲನ್ನು ತೆಗೆದುಕೊಂಡು ಗೆರೆ ಎಳೆದಳು.

(ಕೊರಳಲ್ಲಿ ಇಷ್ಟಲಿಂಗ ಇದ್ದವಳು ಹೊಳೆಯ ಕಲ್ಲಿಗೆ ಕೈ ಮುಗಿಯಬಹುದೇ ಎಂದು ತಿಳಿದವರು ಆಕ್ಷೇಪಿಸಬಹುದು. ದಯವಿಟ್ಟು ನನ್ನ ಹತ್ತಿರ ಬರಬೇಡಿ, ಧೈರ್ಯವಿದ್ದರೆ ಅವಳ ಹತ್ತಿರ ಹೋಗಿ.)

ಸಂಜೆ ಬಸ್ಸಿನಲ್ಲಿ ಅವನು ಕೇಳಿದ್ದು ಇಷ್ಟೇ: “ಅಕ್ಕಾ, ಕೈಗೆ ಬಂದದ್ದೆಲ್ಲಾ ಎಣಸ್ತಿ ಹೌದಿಲ್ಲೋ?”

“ಕಲ್ಲು ಅಂದ್ರ ಒಂದೂ ಬಿಟ್ಟಿಲ್ಲ ತಮ್ಮಾ,” ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಶಂಕ್ರೆಪ್ಪ ಕಿಟಕಿಯ ಕಡೆ ತಿರುಗಿ ಕೂತ.

೫

ಇಲ್ಲಿಗೆ ಬಂದು ಕಥೆ ಕೆಟ್ಟು ನಿಂತಿದೆ. ತಪ್ಪು ನೂರಾಹತ್ತು ಜಾಗದಲ್ಲೂ ಇದೆ, ಮತ್ತೆ ಎಣಿಸಲು ದಿನಗಳಿಲ್ಲ. ನಿಜ ಹೇಳಿದರೆ ಪ್ರಬಂಧ ಹೋಗುತ್ತದೆ, ಅಕ್ಕನ ನಾಲ್ಕು ಬೇಸಿಗೆಯೂ ಹೋಗುತ್ತದೆ. ಹೇಳದಿದ್ದರೆ ಸುಳ್ಳು ನಕ್ಷೆಗೆ ಡಾಕ್ಟರೇಟ್ ಬರುತ್ತದೆ. ಅವನ ಗೈಡ್ ನರ್ಮದಾಬಾಯಿಗೆ ವಿಷಯ ಗೊತ್ತಾದಾಗ ಚಹಾ ಕುಡಿಯುತ್ತಲೇ ದಾರಿ ತೋರಿಸಿದರು: “ಕ್ಯಾಮೆರ್‍ಯಾವರ್ ಢಕಲ್. ತೋ ಕಾಯ್ ಬೋಲ್ಣಾರ್?” ಕ್ಯಾಮೆರಾದ ಮೇಲೆ ಹಾಕು, ಅದೇನು ಮಾತಾಡೀತೇ?

ಶಂಕ್ರೆಪ್ಪ ನೇರವಾಗಿ ನನ್ನ ಹತ್ತಿರ ಬಂದ.

“ಸರ್, ಒಂದು ದೊಡ್ಡ ಮಳಿ ತರಸ್ರಿ. ಹೊಳಿ ತುಂಬಿ ಕಲ್ಲೆಲ್ಲಾ ಹರಕೊಂಡು ಹೋಗ್ಲಿ. ಯಾರೂ ತಾಳೆ ನೋಡಾಕ ಬರಬಾರದು.”

ಮೇ ತಿಂಗಳಲ್ಲಿ?

“ಕಥಿ ನಿಮ್ಮದಲ್ಲೇನ್ರಿ?”

ತರಿಸುವುದಿಲ್ಲ ಎಂದೆ. ಅವನು ಮುಖ ಗಂಟು ಹಾಕಿಕೊಂಡು ಹೋದ. ಪಾಪ ಅನಿಸಿತು, ಆದರೂ ತರಿಸಲಿಲ್ಲ.

ಬದಲಿಗೆ ಒಂದು ಸಿಹಿ ಅಂತ್ಯ ಹೊಂದಿಸಿದೆ. ಅದರಲ್ಲಿ ಬಸವಣ್ಣೆವ್ವ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆಯುತ್ತಾಳೆ. ಕೈ ಮುಗಿದ ಪ್ರತಿ ಕಲ್ಲಿಗೂ ಅಲ್ಲೊಂದು ಗೆರೆ! ಗ್ರಾಫಿನ ಸಂದಿ ತುಂಬುತ್ತದೆ, ವಿಜ್ಞಾನವೂ ಭಕ್ತಿಯೂ ತಬ್ಬಿಕೊಳ್ಳುತ್ತವೆ, ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ಅವಳೇ ತಡೆದಳು.

“ಹಂಗೇನೂ ನಾ ಎಣಿಸಿಲ್ರಿ. ಕೈ ಮುಗಿಯೂವಾಗ ಯಾರರ ಎಣಸ್ತಾರೇನು?”

ಹೊಡೆದು ಹಾಕಿದೆ.

ಎರಡನೆಯ ಅಂತ್ಯ: ಶಂಕ್ರೆಪ್ಪ ಕ್ಯಾಮೆರಾದ ಮೇಲೆ ಹಾಕುತ್ತಾನೆ, ಪದವಿ ಬರುತ್ತದೆ, ಅಕ್ಕ ಓಣಿಗೆಲ್ಲ ಪೇಢೆ ಹಂಚುತ್ತಾಳೆ, ಅವನಿಗೆ ಒಂದೂ ಗಂಟಲಲ್ಲಿ ಇಳಿಯುವುದಿಲ್ಲ. ಇದು ನಡೆಯುವಂಥದ್ದೇ. ದಿನಾ ನಡೆಯುತ್ತದೆ. ಅದಕ್ಕೇ ಬರೆಯಲು ಬೇಜಾರು.

ಮೂರನೆಯದನ್ನು ಬರೆಯುತ್ತಿದ್ದೇನೆ. ನೀವೂ ಇಲ್ಲೇ ಇರಿ, ಒಬ್ಬನಿಗೇ ಭಯವಾಗುತ್ತದೆ.

೬

ಪ್ರಬಂಧ ಒಪ್ಪಿಸುವ ಮುಂಚಿನ ಸೆಮಿನಾರು. ಬಸವಣ್ಣೆವ್ವ ಹಟ ಮಾಡಿ ಬಂದಿದ್ದಾಳೆ, ಇಳಕಲ್ ಸೀರೆ ಉಟ್ಟು, ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ. ಗೋಡೆಯ ಮೇಲೆ ನದಿಯ ನಕ್ಷೆ: ಮರಳು ಹಳದಿ, ಗರಸು ಕಿತ್ತಳೆ, ಕಲ್ಲು ಕೆಂಪು. “ಛಲೋ ಕಾಣ್ತದಲ್ರಿ?” ಎಂದು ನನ್ನನ್ನು ಕೇಳಿದಳು. ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಗ್ರಾಫಿನ ಸಂದಿಗೆ ಬೆರಳಿಟ್ಟರು. ಇದು ಯಾಕೆ ಹೀಗೆ?

ನರ್ಮದಾಬಾಯಿ ಕೆಮ್ಮಿದರು. ಶಂಕ್ರೆಪ್ಪ ನೀರು ಕುಡಿದ. ಆಮೇಲೆ ಹೇಳಿದ, ಎಲ್ಲವನ್ನೂ. ದುಂಡು ಕಲ್ಲುಗಳು ನದಿಯಲ್ಲಿವೆ, ಎಣಿಕೆಯಲ್ಲಿಲ್ಲ. ಎಣಿಸಿದವರು ತಮ್ಮ ನಂಬಿಕೆಯಿಂದ ಅವನ್ನು ಬಿಟ್ಟಿದ್ದಾರೆ. ಆದ್ದರಿಂದ ಈ ನಕ್ಷೆಯನ್ನು ನಂಬಲು ಬರುವುದಿಲ್ಲ, ನಾನು ಇದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು, ನಾನೇ ಮೊದಲ ದಿನ ಜೊತೆಗಿದ್ದು ನೋಡಬೇಕಿತ್ತು. ಆದರೂ ಈ ನದಿಯನ್ನು ಇಷ್ಟು ಹತ್ತಿರದಿಂದ ನೋಡಿದವರು ಬಸವಣ್ಣೆವ್ವನ ಹೊರತು ಬೇರೆ ಯಾರೂ ಇಲ್ಲ.

ಅವನು ಇದನ್ನು ಕನ್ನಡದಲ್ಲಿ ಹೇಳಲಿಲ್ಲ. ಮರಾಠಿಯಲ್ಲಿ ಹೇಳಬಹುದಿತ್ತು, ಕೋಣೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಹಿಂದಿಯೂ ನಡೆಯುತ್ತಿತ್ತು. ಅಕ್ಕನಿಗೆ ತಿಳಿಯುವ ಮೂರೂ ಭಾಷೆಗಳನ್ನು ದಾಟಿಕೊಂಡು ಹೋಗಿ ಅವನು ಇಂಗ್ಲಿಷಿನಲ್ಲಿ ಹೇಳಿದ.

ಅಷ್ಟೂ ಮಾತಿನಲ್ಲಿ ಬಸವಣ್ಣೆವ್ವನಿಗೆ ಗೊತ್ತಾದದ್ದು ಒಂದೇ, ತನ್ನ ಹೆಸರು. ಅದು ಕಿವಿಗೆ ಬಿದ್ದೊಡನೆ ನೆಟ್ಟಗೆ ಕೂತಳು, ಸೆರಗು ಸರಿಮಾಡಿಕೊಂಡಳು. ಪರೀಕ್ಷಕರು ತಿರುಗಿ ನೋಡಿದರು. ಅವಳು ಕೈ ಮುಗಿದು ನಕ್ಕಳು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು.

ನಾನು ಇಲ್ಲಿಗೇ ಮುಗಿಸುವವನಿದ್ದೆ. ಪೆನ್ನಿನ ಮುಚ್ಚಳ ಹಾಕಿಯೂ ಆಗಿತ್ತು. ಅವಳು ನನ್ನ ತೋಳು ಹಿಡಿದಳು.

“ನನ್ನ ಹೆಸರು ತಗೊಂಡನಲ್ರಿ ತಮ್ಮ. ಏನಂದಾ?”

ನಾನು ನಕ್ಷೆ ನೋಡಿದೆ. ಶಂಕ್ರೆಪ್ಪನನ್ನು ನೋಡಿದೆ, ಅವನು ತಲೆ ಎತ್ತುತ್ತಿಲ್ಲ. ಅವನು ಹೇಡಿ ಎಂದು ಒಂದು ಸಾಲು ಬರೆದಿದ್ದೆ, ಅದನ್ನು ಹೊಡೆದು ಹಾಕಿದೆ.

ನಾನು ಬಾಯಿ ತೆರೆದೆ.

“ಹೇಳ್ರಿ,” ಎಂದಳು ಬಸವಣ್ಣೆವ್ವ. “ಆದ್ರ ನೀವೂ ಇಂಗ್ಲಿಷಿನ್ಯಾಗ ಹೇಳಬ್ಯಾಡ್ರಿ ಮತ್ತ.”